ಎರಡೂವರೆ ಲಕ್ಷ ಕಿ.ಮೀ. ಓಡಿದ ಇನ್ನೋವಾ: ಭಾಗಗಳನ್ನು ಕೆಡುವ ಮೊದಲೇ ಬದಲಿಸಬೇಕೇ?

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಮೊದಲ ತಲೆಮಾರಿನ ಇನ್ನೋವಾದ ಜಾಗಕ್ಕೆ 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು. 2.5 ಲೀಟರ್ ಡಿ-4ಡಿ ಡೀಸೆಲ್ ಎಂಜಿನ್‌ನ ಹಳೆಯ ಗಾಡಿಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಮೀಟರಿನಲ್ಲಿ ಎರಡೂವರೆ ಲಕ್ಷ ಕಂಡರೆ ಯಾರೂ ಬೆರಗಾಗುವುದಿಲ್ಲ. ಇಂಥ ಗಾಡಿಯ ಭಾಗಗಳನ್ನು ಕಿ.ಮೀ. ಮತ್ತು ವರ್ಷದ ಲೆಕ್ಕ ಹಿಡಿದು ಮೊದಲೇ ಬದಲಿಸುವುದು ಸರಿಯೇ? ಅಥವಾ ಪರೀಕ್ಷಿಸಿ, ಸವೆತ ಕಂಡ ಮೇಲಷ್ಟೇ ಕೈ ಹಾಕಬೇಕೇ?

ಪರ: ಸಣ್ಣ ಭಾಗ ದೊಡ್ಡ ಖರ್ಚು ತರುವ ಮೊದಲು

ಹಳೆಯ ಗಾಡಿಯಲ್ಲಿ ಎಂಜಿನ್ ಹಾಳಾಗುವುದು ಬಹುಮಟ್ಟಿಗೆ ಯಾವುದೋ ಸಣ್ಣ ಭಾಗದಿಂದ. ಟೈಮಿಂಗ್ ಬೆಲ್ಟನ್ನೇ ನೋಡಿ. ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ತಿರುಗಿಸುವುದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಅದು ತುಂಡಾದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಅವು ಬಾಗುತ್ತವೆ, ಅಲ್ಲಿಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸುವ ಕೆಲಸ. ತುಂಡಾಗುವ ಮುನ್ನ ಬೆಲ್ಟ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ಪಿಕಪ್ ಕುಂದುವುದಿಲ್ಲ. ಮೇಲೆ ಚೆನ್ನಾಗಿ ಕಂಡರೂ ಒಳಗಿನ ಎಳೆಗಳು ಸೋತಿರಬಹುದು.

ಇದಕ್ಕೆಂದೇ ಮೀಟರ್ ಫಲಕದಲ್ಲಿ ಟಿ-ಬೆಲ್ಟ್ ದೀಪ ಇದೆ. ಆದರೆ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಅದನ್ನು ನಂಬಬೇಡಿ, ಬೆಲ್ಟ್ ಬದಲಿಸದೆಯೂ ದೀಪವನ್ನು ರೀಸೆಟ್ ಮಾಡಬಹುದು. ಬಿಲ್ ಇಲ್ಲದಿದ್ದರೆ ಬೆಲ್ಟ್ ಹಾಕಿಸಿಲ್ಲವೆಂದೇ ತಿಳಿಯಿರಿ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಐಡ್ಲರ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಬೇಕು. ಹಳೆಯ ಬೇರಿಂಗ್ ಉಳಿಸಿದರೆ ಅದು ಜಾಮ್ ಆದ ದಿನ ಹೊಸ ಬೆಲ್ಟೂ ಹೋಗುತ್ತದೆ. ಕ್ಯಾಮ್ ಸೀಲ್ ಜಿನುಗುತ್ತಿದ್ದರೆ ಅದಕ್ಕೂ ಇದೇ ಸಮಯ. ಆಯಿಲ್ ತಾಗಿದ ರಬ್ಬರ್ ಉಬ್ಬಿ ಬೆಲ್ಟಿನ ಹಲ್ಲು ಕಳಚುತ್ತದೆ.

ಎರಡನೆಯದು ಕೂಲಿಂಗ್. ಹತ್ತು ವರ್ಷ ದಾಟಿದ ರೇಡಿಯೇಟರ್ ಹೋಸ್ ಒಳಗಿನಿಂದ ಮೆತ್ತಗಾಗಿ, ಕ್ಲಾಂಪಿನ ಅಂಚಿನಲ್ಲಿ ಬಿರುಕು ಬಿಡುತ್ತದೆ. ಚಾರ್ಮಾಡಿ ಏರುವಾಗ ಅದು ಒಡೆದರೆ ಕೆಲವೇ ನಿಮಿಷಗಳಲ್ಲಿ ಕೂಲಂಟ್ ಖಾಲಿ. ಆಗ ಡ್ರೈವರ್ ಟೆಂಪರೇಚರ್ ಮುಳ್ಳನ್ನು ನಂಬಿ ಕೂತಿರುತ್ತಾನೆ. ಆದರೆ ಸೆನ್ಸರ್ ಅಳೆಯುವುದು ತನ್ನ ಸುತ್ತಲಿನ ಕೂಲಂಟಿನ ಬಿಸಿಯನ್ನು. ಕೂಲಂಟೇ ಇಲ್ಲದಾಗ ಮುಳ್ಳು ಕೆಳಗೆ ಇಳಿದರೂ ಇಳಿಯಬಹುದು, ಹೆಡ್ ಮಾತ್ರ ಬೇಯುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ಗ್ಯಾಸ್ಕೆಟ್ ಬದಲಿಸಿದರೆ ಸಾಲದು, ಹೆಡ್ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಮಾಡಿಸಬೇಕು. ಮೇಲಿನ ಹೋಸ್, ಕೆಳಗಿನ ಹೋಸ್, ಹೀಟರ್ ಹೋಸ್‌ಗಳು, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಇವೆಲ್ಲವನ್ನೂ ಒಂದೇ ಸಲ ಹಾಕಿಸಿದರೂ ಹೆಡ್ ಕೆಲಸದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಕ್ಯಾಪನ್ನು ಕಡೆಗಣಿಸಬೇಡಿ: ಅದರ ಸ್ಪ್ರಿಂಗ್ ಸೋತರೆ ಒಳಗಿನ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿಯುತ್ತದೆ. ಬರೀ ನಲ್ಲಿ ನೀರು ತುಂಬುವ ಅಭ್ಯಾಸವಂತೂ ನಿಲ್ಲಲೇಬೇಕು. ನೀರು ಬೆರೆಸಿರದ ಕಾನ್ಸಂಟ್ರೇಟ್ ಕೂಲಂಟಾದರೆ ಡಿಸ್ಟಿಲ್ಡ್ ವಾಟರನ್ನು ಸಮಪಾಲು ಬೆರೆಸಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್-4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ಮಾನದಂಡ. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿ. ಏಳು ಜನ ಕೂತ ಗಾಡಿ ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ನಿತ್ಯದ ಊರೊಳಗಿನ ಓಡಾಟದಲ್ಲಿ ಈ ದೋಷದ ಸುಳಿವೂ ಸಿಗುವುದಿಲ್ಲ.

ಕ್ಲಚ್ ವಿಷಯದಲ್ಲಿ ಲೆಕ್ಕ ಇನ್ನೂ ಸರಳ. ಯಾವುದೇ ಕಾರಣಕ್ಕೆ ಗೇರ್‌ಬಾಕ್ಸ್ ಇಳಿಸಿದರೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಆಗಲೇ ಮುಗಿಸಿ. ಇವುಗಳಲ್ಲಿ ಒಂದನ್ನು ಉಳಿಸಿ ಆರು ತಿಂಗಳಿಗೆ ಮತ್ತೆ ಇಳಿಸಿದರೆ ಅದೇ ಕೂಲಿಯನ್ನು ಎರಡು ಸಲ ತೆತ್ತಂತೆ.

ವಿರೋಧ: ಅಳೆಯದೆ ಬಿಚ್ಚಬೇಡಿ

ಟೈಮಿಂಗ್ ಬೆಲ್ಟ್, ಹೋಸ್, ಬ್ರೇಕ್ ಆಯಿಲ್: ಈ ಮೂರರಲ್ಲಿ ತಕರಾರಿಲ್ಲ. ಆದರೆ ಅದೇ ತರ್ಕವನ್ನು ಇಡೀ ಗಾಡಿಗೆ ಹಬ್ಬಿಸಿದಾಗ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ), ಟರ್ಬೋ, ಆಲ್ಟರ್ನೇಟರ್, ಸಸ್ಪೆನ್ಷನ್ ಎಲ್ಲವೂ "ಹೇಗೂ ಎರಡು ಲಕ್ಷ ಆಯಿತಲ್ಲ" ಎಂಬ ಒಂದೇ ಮಾತಿನ ಮೇಲೆ ಬಿಲ್ ಸೇರುತ್ತವೆ. ಕಿ.ಮೀ. ಅಷ್ಟು ಹೇಳುವುದಿಲ್ಲ. ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯಲ್ಲಿ ಐದನೇ ಗೇರಿನಲ್ಲೇ ಓಡಿದ ಎರಡೂವರೆ ಲಕ್ಷಕ್ಕೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ತೆವಳಿದ ಎರಡೂವರೆ ಲಕ್ಷಕ್ಕೂ ಸವೆತ ಒಂದೇ ಅಲ್ಲ.

ಇಂಜೆಕ್ಟರ್‌ಗಳಿಂದ ಶುರು ಮಾಡೋಣ, ಹಣ ಹೆಚ್ಚು ಪೋಲಾಗುವುದು ಅಲ್ಲೇ. ಐಡ್ಲಿಂಗಿನಲ್ಲಿ ನಡುಕ ಬಂದೊಡನೆ ನಾಲ್ಕನ್ನೂ ಬದಲಿಸಿ ಎನ್ನುವವರಿದ್ದಾರೆ. ಅದಕ್ಕೆ ಮುಂಚೆ ರಿಟರ್ನ್ ಪರೀಕ್ಷೆ ಮಾಡಿಸಿ: ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಡೀಸೆಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು, ಎಂಜಿನನ್ನು ಐಡ್ಲಿಂಗಿನಲ್ಲಿ ಬಿಟ್ಟು ಮಟ್ಟ ಹೋಲಿಸುವುದು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಸವೆದಿರುವುದು ಆ ಒಂದೇ. ನಾಲ್ಕೂ ಸಮನಾಗಿದ್ದರೆ ದೋಷವನ್ನು ಬೇರೆ ಕಡೆ ಹುಡುಕಿ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಎಂಜಿನ್ ಮೌಂಟಿಂಗ್ ಕೂತಿರಬಹುದು, ಇಂಜೆಕ್ಟರ್ ತಳದ ತಾಮ್ರದ ವಾಷರ್ ಸೋರುತ್ತಿರಬಹುದು.

ಆ ವಾಷರನ್ನು ಹಗುರವಾಗಿ ಕಾಣಬೇಡಿ. ಈ ಎಂಜಿನ್ ಕುಟುಂಬದಲ್ಲಿ ಅದು ಸೋರಿದರೆ ಉರಿದ ಅನಿಲ ಆಯಿಲಿಗೆ ಸೇರಿ, ಮಸಿ ಗಟ್ಟಿಯಾಗಿ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನ ಸ್ಟ್ರೈನರ್ (ಜಾಲರಿ) ಕಟ್ಟುತ್ತದೆ. ಆಮೇಲೆ ಆಯಿಲ್ ಪ್ರೆಶರ್ ಬೀಳುತ್ತದೆ, ಬೇರಿಂಗ್ ಹೋಗುತ್ತದೆ. ಅಂದರೆ ಸಣ್ಣ ವಾಷರ್ ಸಾಲುವ ಕಡೆ ನಾಲ್ಕು ಇಂಜೆಕ್ಟರಿನ ಹಣ ಸುರಿದರೂ, ಸೀಟ್ ಸ್ವಚ್ಛ ಮಾಡದೆ ಹಳೆಯ ವಾಷರನ್ನೇ ಕೂರಿಸಿದರೆ ದೋಷ ಹಾಗೇ ಉಳಿಯುತ್ತದೆ.

ಹೊಸದು ಎಂದ ಮಾತ್ರಕ್ಕೆ ಅದು ಹಳೆಯದಕ್ಕಿಂತ ನಂಬಿಕಸ್ಥ ಎನ್ನಲಾಗದು. ಮಾರುಕಟ್ಟೆಯಲ್ಲಿ ನಕಲಿ ಮಾಲು ಅಸಲಿಯ ಡಬ್ಬಿಯಲ್ಲೇ ಬರುತ್ತದೆ. ಕಂಪನಿಯೇ ಕೂರಿಸಿದ ಸಸ್ಪೆನ್ಷನ್ನಿನ ಲೋವರ್ ಆರ್ಮ್ ರಬ್ಬರ್ ಬುಷ್ ಎರಡು ಲಕ್ಷ ಕಿ.ಮೀ. ತಡೆದಿದ್ದು, ಅದರ ಜಾಗಕ್ಕೆ ಬಂದ ಅಗ್ಗದ ಬುಷ್ ಒಂದೇ ಮಳೆಗಾಲಕ್ಕೆ ಹರಿಯುವುದು ಗ್ಯಾರೇಜಿನಲ್ಲಿ ಮಾಮೂಲು. ಬಿಚ್ಚುವ ಕೆಲಸವೇ ಹಾನಿ ಮಾಡುವುದೂ ಉಂಟು: ಹಳೆಯ ಪ್ಲಾಸ್ಟಿಕ್ ಕನೆಕ್ಟರಿನ ಲಾಕ್ ಮುರಿಯುತ್ತದೆ, ತುಕ್ಕು ಹಿಡಿದ ಬೋಲ್ಟ್ ತಲೆ ಕಳಚುತ್ತದೆ. ನೆಟ್ಟಗಿದ್ದ ಗಾಡಿ ಹೊಸ ಎಲೆಕ್ಟ್ರಿಕಲ್ ತೊಂದರೆ ಹೊತ್ತು ಹೊರಬರುತ್ತದೆ.

ಅಳೆಯುವುದೇನೂ ಕಷ್ಟವಲ್ಲ. ಮುಂದಿನ ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಸವೆದಿರುವುದು ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಎಡ-ಬಲಕ್ಕೆ ಮಾತ್ರ ಪ್ಲೇ ಇದ್ದರೆ ಸ್ಟೀರಿಂಗಿನ ಟೈ ರಾಡ್ ಎಂಡ್. ಕ್ಲಚ್ ನೋಡಲು ನಾಲ್ಕನೇ ಗೇರಿನಲ್ಲಿ 40-50 ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ, ಎರಡೂ ಜೊತೆಗೇ ಏರಿದರೆ ಕ್ಲಚ್ ಮುಟ್ಟಬೇಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿದ್ದು, ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ತೋರಿಸಿದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಗೇರ್‌ಬಾಕ್ಸಿನಿಂದ ಹಿಂಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿ, ಕೈಯಲ್ಲಿ ತಿರುಚಿ ಪ್ಲೇ ನೋಡಿ.

ಎಂಜಿನ್ ಕೆಲಸಕ್ಕೆ ಒಪ್ಪುವ ಮೊದಲು ಆಯಿಲ್ ಎಷ್ಟು ಕುಡಿಯುತ್ತಿದೆ ಎಂದು ಬರೆದಿಡಿ. ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ, ತಣ್ಣಗಿರುವಾಗ, ಪ್ರತಿ 1000 ಕಿ.ಮೀ.ಗೆ ಡಿಪ್‌ಸ್ಟಿಕ್ ನೋಡಿ, ಸೇರಿಸಿದ ಆಯಿಲನ್ನು ಮಿಲಿಲೀಟರಿನಲ್ಲಿ ಗುರುತು ಹಾಕಿಕೊಳ್ಳಿ. ಇಷ್ಟು ಓಡಿದ ಎಂಜಿನ್ 200-300 ಮಿ.ಲೀ. ಕುಡಿದರೆ ಸೇರಿಸುತ್ತಾ ಓಡಿಸಬಹುದು. ಒಂದು ಲೀಟರ್ ಮುಟ್ಟಿ, ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬುಸುಗುಟ್ಟಿದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಪರೀಕ್ಷೆ ಮಾಡಿಸಿ. ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ಬರೆಸಿಕೊಂಡ ಮೇಲೆ ಎಂಜಿನ್ ಬಿಚ್ಚುವ ಮಾತಾಡಿ.