ಕ್ಲೂನಿಯನ್ನು ಕೆಡವಿದ್ದು ರೋಷವಲ್ಲ, ವ್ಯಾಪಾರ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿರುವ ಕ್ಲೂನಿಯ ಹಳೆಯ ಕ್ರೈಸ್ತ ಮಠದಿಂದ ಈಗಷ್ಟೇ ಹೊರಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಳೆಯ ಕಲ್ಲುಕಟ್ಟಡ ಕಂಡರೆ ನನಗೆ ಊಟ ನಿದ್ದೆ ಬೇಡವೆಂಬುದು ನಿಮಗೆಲ್ಲ ಗೊತ್ತೇ ಇದೆ. ಪಕ್ಕದಲ್ಲಿದ್ದ ಪ್ರವಾಸಿಗರಿಗೆ ಅವರ ಗೈಡ್ ಹೇಳಿದ್ದು ಒಂದೇ ಮಾತು: ಫ್ರೆಂಚ್ ಕ್ರಾಂತಿಯಲ್ಲಿ ಜನ ಇದನ್ನು ಕೆಡವಿದರು. ಅಷ್ಟು ಹೇಳಿ ಎಲ್ಲರನ್ನೂ ಬಸ್ ಹತ್ತಿಸಿ ವೈನ್ ರುಚಿ ನೋಡಲು ಕರೆದೊಯ್ದರು.

ಜನ ಕೆಡವಿದರೇ? 910ರ ಸುಮಾರಿಗೆ ನೈಋತ್ಯ ಫ್ರಾನ್ಸಿನ ಅಕ್ವಿಟೇನ್ ಸೀಮೆಯ ಒಡೆಯ ಡ್ಯೂಕ್ ವಿಲಿಯಂ ದಾನ ಕೊಟ್ಟ ನೆಲದಲ್ಲಿ ಬೆಳೆದ ಮಠವಿದು. 1088ರಲ್ಲಿ ಕಟ್ಟಲಾರಂಭಿಸಿದ ಇಲ್ಲಿನ ಮೂರನೆಯ ಚರ್ಚಿನ ಉದ್ದ 187 ಮೀಟರ್. ರೋಮಿನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚು ಇರಲಿಲ್ಲ. ಇಂಥದ್ದನ್ನು ಒಂದು ಗುಂಪಿನ ರೋಷ ಉರುಳಿಸಿಬಿಡುತ್ತದೆಯೇ?

ಮಠಗಳ ಸಿರಿವಂತಿಕೆಯ ಮೇಲೆ ರೈತರಿಗೆ ಆಕ್ರೋಶವಿತ್ತು, 1793ರಲ್ಲಿ ಇಲ್ಲಿ ಲೂಟಿಯೂ ನಡೆಯಿತು ಎನ್ನುವಿರಿ. ನಿಜ. ಆದರೆ ಆ ಲೂಟಿಯ ನಂತರವೂ ಗೋಡೆಗಳು ನಿಂತಿದ್ದವು! 1798ರಲ್ಲಿ ಸರ್ಕಾರ ಇದನ್ನು ಮಾರಿತು, ಹತ್ತಿರದ ಮಾಕಾನ್ ಪಟ್ಟಣದ ವರ್ತಕರು ಕೊಂಡರು. ಚರ್ಚಿನ ಒಡಲಿನ ನಡುವೆಯೇ ರಸ್ತೆ ತೆಗೆದು, ಕಲ್ಲು ಕಿತ್ತು ಮಾರುತ್ತಾ ಹೋದರು. ಈ ಕೆಲಸ 1823ರವರೆಗೆ ನಡೆಯಿತು. ಕ್ರಾಂತಿ ಮುಗಿದು, ನೆಪೋಲಿಯನ್ ಬಂದು ಹೋಗಿ, ಮತ್ತೆ ರಾಜರು ಪಟ್ಟಕ್ಕೇರಿದರೂ ಕಲ್ಲಿನ ವ್ಯಾಪಾರ ನಿಲ್ಲಲಿಲ್ಲ. ಇದು ಆವೇಶವಲ್ಲ, ಲೆಕ್ಕ ಹಾಕಿ ಮಾಡಿದ ಕೆಲಸ. ಇದನ್ನು ಹಸಿದ ರೈತರ ತಲೆಗೆ ಕಟ್ಟುವುದು ಅನ್ಯಾಯ, ಖಂಡಿತವಾಗಿ ಅನ್ಯಾಯ.

ಉಳಿದದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಶಿಲುಬೆಯಾಕಾರದ ಚರ್ಚಿನ ದಕ್ಷಿಣದ ತೋಳು ಮತ್ತು ಅದರ ಮೇಲಿನ ಎಂಟು ಮೂಲೆಯ ಗೋಪುರ ಮುಖ್ಯವಾಗಿ ತಲೆಯೆತ್ತಿ ನಿಂತಿವೆ. ಅದರ ಕೆಳಗೆ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದೆ. ಇದು ಬರೀ ಒಂದು ತೋಳು ಎಂದು ನೆನಪಾದಾಗ ನನಗೆ ಅಳು ಬಂತು.

ಬರ್ಗಂಡಿಗೆ ಹೋಗುವ ಗೆಳೆಯರೇ, ವೈನ್ ಕುಡಿಯಿರಿ, ಬೇಡವೆನ್ನುವುದಿಲ್ಲ. ಆ ನಾಡಿನಲ್ಲಿ ದ್ರಾಕ್ಷಿ ಬೆಳೆದವರಲ್ಲಿ ಇದೇ ಸನ್ಯಾಸಿಗಳೂ ಇದ್ದರು. ಆದರೆ ಮಠದ ಹಳೆಯ ಹಿಟ್ಟಿನ ಉಗ್ರಾಣವನ್ನು ತಪ್ಪಿಸಬೇಡಿ. 13ನೇ ಶತಮಾನದ ಮರದ ಮಾಡಿನಡಿ ಚರ್ಚಿನ ಕಂಬಗಳ ಬೋದಿಗೆಗಳನ್ನು, ಅಂದರೆ ಕಂಬದ ತಲೆಯ ಕೆತ್ತನೆಗಲ್ಲುಗಳನ್ನು, ಇಟ್ಟಿದ್ದಾರೆ. ಸನ್ಯಾಸಿಗಳು ಹಾಡುತ್ತಿದ್ದ ಸಂಗೀತದ ಎಂಟು ರೀತಿಗಳನ್ನೇ ಮನುಷ್ಯರನ್ನಾಗಿ ಕೆತ್ತಿದ ಬೋದಿಗೆಗಳಿವೆ, ಒಬ್ಬನ ಕೈಯಲ್ಲಿ ತಂತಿವಾದ್ಯ. ಅವುಗಳ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ, ಬಸ್ಸು ಹಾರನ್ ಮಾಡಿದರೆ ಮಾಡಲಿ.