ಮರ ನಮ್ಮದು, ಟೇಪು ಅವನದು

ತೋಟದಲ್ಲಿದ್ದ 22 ಸಿಲ್ವರ್ ಓಕ್ ಮರ ವ್ಯಾಪಾರಿಗೆ ಕೊಟ್ಟೆ. ಅಪ್ಪ ನೆಟ್ಟ ಮರಗಳು. ಇಷ್ಟು ವರ್ಷ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿ ಹೊತ್ತು ನಿಂತಿದ್ದವು. ಕೊಟ್ಟಾದ ಮೇಲೆ ಹೊಟ್ಟೆ ಉರೀತಾ ಇದೆ.

ರೇಟು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ. ವ್ಯಾಪಾರಿ ದಿಮ್ಮಿಯ ನಡುವಿಗೆ ಟೇಪು ಸುತ್ತಿದ. ಸುತ್ತಳತೆಯ ಕಾಲು ಭಾಗ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದ. 48 ಇಂಚು ಸುತ್ತು (ಕಾಲು ಭಾಗ 12 ಇಂಚು, ಅಂದರೆ 1 ಅಡಿ), 20 ಅಡಿ ಉದ್ದ ಇದ್ದರೆ 20 ಸಿಎಫ್‌ಟಿ. ನಾನೂ ಪೆದ್ದನ ಹಾಗೆ ತಲೆ ಆಡಿಸಿದೆ.

ರಾತ್ರಿ ಪಿಯುಸಿ ಓದುವ ಮಗಳು ಚೀಟಿ ನೋಡಿದಳು. "ಅಪ್ಪಾ, ಮರ ದುಂಡಗಿರುತ್ತೆ ಅಲ್ವಾ? ಇವರು ಚೌಕ ಅಂತ ಲೆಕ್ಕ ಹಾಕಿದ್ದಾರಲ್ಲ!" ವೃತ್ತದ ಲೆಕ್ಕ ಹಾಕಿದರೆ ಅದೇ ದಿಮ್ಮಿ ಇಪ್ಪತ್ತೈದೂವರೆಗೆ ಹತ್ತಿರ. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸುಮ್ನೆ ಗೋತಾ. ಅದೂ ಸಾಲದೆ ಮಹಾನುಭಾವ ತೊಗಟೆಗೆ ಅಂತ ಸುತ್ತಳತೆಯಲ್ಲಿ 3 ಇಂಚು ಕಳೆದಿದ್ದ. 20 ಇಳಿದು ಹದಿನೇಳೂವರೆ ಆಯಿತು!

ಫೋನ್ ಮಾಡಿ ಕೇಳಿದರೆ, "ಬ್ರಿಟಿಷರ ಕಾಲದ ಲೆಕ್ಕ ಅಣ್ಣಾ, ಎಲ್ಲಾ ಕಡೆ ಹೀಗೇ. ಕುಯ್ಯುವಾಗ ಅಂಚು ವೇಸ್ಟಾಗುತ್ತಲ್ಲ?" ಅಂದ. ಬ್ರಿಟಿಷರದ್ದು ಅನ್ನೋದು ನಿಜ. 1736ರಲ್ಲಿ ಇಂಗ್ಲೆಂಡಿನ ಹಾಪಸ್ ಅನ್ನುವವನು ಇದಕ್ಕೆ ಕೋಷ್ಟಕ ಮಾಡಿಟ್ಟಿದ್ದ. ಆಗ ದಿಮ್ಮಿಯನ್ನು ಚೌಕ ಮಾಡಿ ತೊಲೆ ತೆಗೆಯುತ್ತಿದ್ದರು, ಒಪ್ಪೋಣ. ನಮ್ಮ ಸಿಲ್ವರ್ ಹೋಗುವುದು ಪ್ಲೈವುಡ್ ಫ್ಯಾಕ್ಟರಿಗೆ. ಅಲ್ಲಿ ದಿಮ್ಮಿಯನ್ನು ಗಿರಗಿರ ತಿರುಗಿಸಿ, ಪೆನ್ಸಿಲ್ ಹೆರೆದ ಹಾಗೆ ಹಾಳೆ ಸುಲಿಯುತ್ತಾರೆ. ಚೌಕ ಎಲ್ಲಿಂದ ಬಂತು? ಯಾವ ಅಂಚು ವೇಸ್ಟು?

ಅದಕ್ಕೆ ಉತ್ತರ ಇಲ್ಲ. "ರೇಟು ಮೊದಲೇ ಮಾತಾಡಿದ್ವಲ್ಲ" ಅಂದ. ರೇಟು ಮಾತಾಡಿದ್ದೆ ಕಣಯ್ಯಾ, ಅಳತೆ ಮಾತಾಡಿರಲಿಲ್ಲ!

ಕೊಂಬೆ ಸವರದೆ ಮರ ಕೆಡವಿ, ಮೊಗ್ಗು ಬಂದಿದ್ದ ಕಾಫಿ ಗಿಡಗಳನ್ನು ಮುರಿದು ಹಾಕಿದ್ದಾರೆ. ಅದು ಬೇರೆ ಕತೆ, ಅದನ್ನು ನೆನೆಸಿಕೊಂಡರೆ ಬಿಪಿ ಏರುತ್ತೆ.

ತೋಟದ ಮೇಲಿನ ತುಂಡಿನಲ್ಲಿ ಇನ್ನೂ 30 ಮರ ಇವೆ. ತೂಕದ ಲೆಕ್ಕದಲ್ಲಿ ತಗೊಳ್ಳುವವರು ಯಾರಾದರೂ ನಿಮ್ಮ ಕಡೆ ಇದ್ದರೆ ಹೇಳಿ. ಟೇಪು ಹಿಡಿದು ಬರುವವನನ್ನು ಇನ್ನು ಗೇಟಿನ ಒಳಗೆ ಬಿಡಲ್ಲ.