ಗೇಮಿಂಗ್ ಪಿಸಿಗೆ ಬಜೆಟ್ ಕಮ್ಮಿ ಇದ್ರೆ ಮೊದಲು ಮಾನಿಟರ್ ನೋಡಿ

"ಕಮ್ಮಿ ಬಜೆಟ್‌ನಲ್ಲಿ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸ್ಬೇಕು, ಯಾವ ಪ್ರೊಸೆಸರ್ ತಗೊಳ್ಲಿ?" ಅಂತ ಕೇಳೋರಿಗೆ ನನ್ನದು ಒಂದೇ ಮರುಪ್ರಶ್ನೆ. ಮಾನಿಟರ್ ಯಾವುದು?

ಪರದೆಯ ಒಂದೊಂದು ಪಿಕ್ಸೆಲ್‌ಗೂ ಬಣ್ಣ ತುಂಬೋದು ಗ್ರಾಫಿಕ್ಸ್ ಕಾರ್ಡ್. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇದ್ರೆ 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 83 ಲಕ್ಷ. ಅಂದ್ರೆ 4ಕೆ ಮಾನಿಟರ್ ತಗೊಂಡವರು ಕಾರ್ಡಿನ ತಲೆ ಮೇಲೆ ನಾಲ್ಕು ಪಟ್ಟು ಪಿಕ್ಸೆಲ್ ಹೊರಿಸಿದ ಹಾಗೆ. ದುಡ್ಡು ಕಮ್ಮಿ ಇರೋರು 1080ಪಿಯಲ್ಲೇ ಇರಿ, ಅದರಲ್ಲಿ ಯಾವ ಸಂಕೋಚವೂ ಬೇಡ. ಬಜೆಟ್ಟಿನ ದೊಡ್ಡ ಪಾಲು ಕಾರ್ಡಿಗೆ ಹೋಗಲಿ, ಅದರಲ್ಲಿ 8 ಜಿಬಿ ಮೆಮೊರಿ ಇರಲಿ. ಕೌಂಟರ್ ಸ್ಟ್ರೈಕ್, ವ್ಯಾಲರಂಟ್ ಥರದ ಗೇಮ್‌ಗಳನ್ನೇ 144 ಹರ್ಟ್ಜ್‌ನಲ್ಲಿ ಆಡೋರ, ಅಂದ್ರೆ ಸೆಕೆಂಡಿಗೆ 144 ಫ್ರೇಮ್ (ಚಿತ್ರ) ನೋಡೋರ, ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಒಂದು ಫ್ರೇಮಿಗೆ ಸಿಗೋದು 7 ಮಿಲಿಸೆಕೆಂಡಿಗೂ ಕಮ್ಮಿ, ಹಾಗಾಗಿ ಪ್ರೊಸೆಸರ್ರೂ ಚುರುಕಾಗಿರಬೇಕು.

ಚುರುಕು ಅಂದ ತಕ್ಷಣ ಇಂಟೆಲ್‌ನ ದುಬಾರಿ ಸಾಲಿನ ಐ7 ಹುಡುಕ್ಕೊಂಡು ಹೋಗ್ಬೇಡಿ. 2017ರ ಐ7-7700ಕೆಗೂ 4 ಕೋರ್ (ಲೆಕ್ಕ ಮಾಡೋ ಘಟಕ), 2022ರ ಐ3-12100ಎಫ್‌ಗೂ 4 ಕೋರ್. ಗೇಮ್ ಆಡೋಕೆ ಆ ಐ3ಯೇ ಮೇಲು. ಒಂದೇ ಒಂದು ಎಚ್ಚರ ಬೇಕು: ಹೆಸರಿನ ಕೊನೆಯಲ್ಲಿ 'ಎಫ್' ಇದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ಕೆಟ್ಟ ದಿನ ಪರದೆ ಕಪ್ಪು.

ಬಿಡಿಬಿಡಿಯಾಗಿ ನೋಡಿದ್ರೆ ಪರವಾಗಿಲ್ಲ ಅನ್ನಿಸೋ ಭಾಗಗಳು ಜೊತೆಗೂಡಿದಾಗ ಕೈಕೊಡೋದೂ ಉಂಟು. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಇರೋದು 4 ಪಿಸಿಐಇ ಲೇನ್ (ಕಾರ್ಡಿಗೂ ಪ್ರೊಸೆಸರ್‌ಗೂ ನಡುವೆ ಡೇಟಾ ಓಡೋ ದಾರಿ) ಮಾತ್ರ. ರೈಜನ್ 5 5500 ಪ್ರೊಸೆಸರ್ ಕೊಡೋದು ಹಳೆಯ, ನಿಧಾನದ ಪಿಸಿಐಇ 3.0. ಇವೆರಡನ್ನೂ ಸೇರಿಸಿದ್ರೆ ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತೆ. ಅದೇ ರೈಜನ್ 5 5600 ಆದ್ರೆ ಪಿಸಿಐಇ 4.0 ಜೊತೆಗೆ ಎರಡು ಪಟ್ಟು ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ), 16ರ ಬದಲು 32 ಎಂಬಿ. ಹೆಸರಲ್ಲಿ ನೂರರ ವ್ಯತ್ಯಾಸ ಅಷ್ಟೇ, ಒಳಗೆ ಬೇರೆಯದೇ ಚಿಪ್.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಎಸ್‌ಎಂಪಿಎಸ್, ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ವಿಷಯದಲ್ಲಿ. ಗಾಜಿನ ಕ್ಯಾಬಿನೆಟ್, ಬಣ್ಣಬಣ್ಣದ ಫ್ಯಾನ್ ಎಲ್ಲ ಆಯ್ಕೆ ಆದ್ಮೇಲೆ ಉಳಿದ ಚಿಲ್ಲರೆಯಲ್ಲಿ ಯಾವುದೋ ಒಂದು ಎಸ್‌ಎಂಪಿಎಸ್. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಡಬ್ಬದ ಮೇಲೆ ದಪ್ಪಕ್ಷರದಲ್ಲಿ 500 ವ್ಯಾಟ್ ಅಂತ ಇರುತ್ತೆ. ಅದನ್ನು ನಂಬ್ಬೇಡಿ, ಮಗ್ಗುಲಿನ ಲೇಬಲ್ ಓದಿ. ಅಲ್ಲಿ 12 ವೋಲ್ಟ್ ಎದುರಿಗೆ 25 ಆಂಪಿಯರ್ ಅಂತ ಇದ್ರೆ ಹನ್ನೆರಡು ಇಪ್ಪತ್ತೈದ್ಲಿ ಮುನ್ನೂರು, ಅಷ್ಟೇ ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡಕ್ಕೂ ಕರೆಂಟ್ ಬರೋದು ಮುಖ್ಯವಾಗಿ ಆ 12 ವೋಲ್ಟ್‌ನಿಂದಲೇ. '80 ಪ್ಲಸ್' ಮುದ್ರೆ ಇದೆ ಅಂತಲೂ ಸಮಾಧಾನ ಪಡ್ಬೇಡಿ. ಅದು ಹೇಳೋದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದನ್ನ. ಶಾರ್ಟ್ ಆದಾಗ, ಓವರ್‌ಲೋಡ್ ಆದಾಗ ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತಾ ಅನ್ನೋದನ್ನಲ್ಲ. ಹಾಗಂತ 850 ವ್ಯಾಟ್ ಕೂಡ ಬೇಕಿಲ್ಲ. ಆರ್‌ಟಿಎಕ್ಸ್ 4060 ಕಾರ್ಡ್ ಎಳೆಯೋದು 115 ವ್ಯಾಟ್, ಆರ್‌ಎಕ್ಸ್ 6600 ಎಳೆಯೋದು 132. ಒಳ್ಳೆ ಕಂಪನಿಯ 550 ವ್ಯಾಟ್ ಧಾರಾಳ ಸಾಕು.

ರ್‍ಯಾಮ್ ಒಂದೇ 16 ಜಿಬಿ ಕಡ್ಡಿ ಬೇಡ, 8ರ ಎರಡು ಹಾಕಿಸಿ. ಆಮೇಲೆ ಬಯಾಸ್‌ಗೆ, ಅಂದ್ರೆ ಪಿಸಿಯ ಮೂಲ ಸೆಟ್ಟಿಂಗ್‌ಗಳಿರೋ ಜಾಗಕ್ಕೆ, ಹೋಗಿ ಎಕ್ಸ್‌ಎಂಪಿ (ರ್‍ಯಾಮನ್ನ ಅದರ ಪೂರ್ತಿ ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ರೆ 3200 ವೇಗದ ರ್‍ಯಾಮ್ ಎಷ್ಟೋ ಸಲ 2133ರಲ್ಲೋ 2666ರಲ್ಲೋ ಓಡ್ತಾ ಇರುತ್ತೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ತುಂಬಾ ಜನ ಹೆದರ್ತಾರೆ. ಪ್ರೊಸೆಸರ್, ರ್‍ಯಾಮ್ ಧೈರ್ಯವಾಗಿ ತಗೊಳ್ಳಿ, ಪ್ರೊಸೆಸರ್‌ಗೆ ಪಿನ್ನುಗಳಿದ್ರೆ ಅವು ನೆಟ್ಟಗಿದ್ರೆ ಆಯ್ತು. ಕಾರ್ಡನ್ನ ಮಾತ್ರ ಕಣ್ಣೆದುರೇ ಅರ್ಧ ಗಂಟೆ ಭಾರೀ ಗೇಮ್‌ನಲ್ಲಿ ಓಡಿಸಿ ನೋಡಿ. ಪರದೆಯಲ್ಲಿ ಚುಕ್ಕೆ ಗೆರೆ ಬರ್ತಿದೆಯಾ, ಫ್ಯಾನ್ ಕಿರ್ ಅಂತಿದೆಯಾ, ಕೇಬಲ್ ಹಾಕೋ ಎಲ್ಲ ಪೋರ್ಟೂ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡಿ. ಮಾರೋರು "ಅದೆಲ್ಲ ಯಾಕೆ, ಚೆನ್ನಾಗೇ ಇದೆ" ಅಂದ್ರೆ ಬೇರೆಯವರ ಹತ್ರ ನೋಡಿ. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ, ವಾರಂಟಿ ಸಮೇತ.